ತಲೆ ಆಡಿಸಿ ಎದ್ದು ಹೋಗುವ ತರಬೇತಿ ಬೇಡ: ದೊಡ್ಡವರಿಗೆ ಕಾರ್ಯಾಗಾರ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ, ರೈತರಿಗೆ ತರಬೇತಿ ಕೊಡುವವರು ಬಹಳ ಜನ ಇದ್ದಾರೆ. ಸಂಘಗಳ ಒಕ್ಕೂಟದ ಎಂಬಿಕೆಗಳು (ಮುಖ್ಯ ಪುಸ್ತಕ ಬರಹಗಾರರು), ಊರಲ್ಲೇ ಬೇಸಾಯದ ಸಲಹೆ ಕೊಡುವ ಕೃಷಿ ಸಖಿಯರು, ಬ್ಯಾಂಕಿನ ಕಡೆಯಿಂದ ಬರುವವರು, ಸಂಸ್ಥೆಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು. ಅವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು. ಇಡೀ ದಿನ ಹೇಳಿಕೊಟ್ಟೆವು, ಎಲ್ಲರೂ ತಲೆ ಆಡಿಸಿದರು, ಊಟ ಮಾಡಿ ಹೋದರು, ತಿಂಗಳು ಬಿಟ್ಟು ಹೋಗಿ ನೋಡಿದರೆ ಲೆಕ್ಕದ ಪುಸ್ತಕ ಹಾಗೇ ಖಾಲಿ ಇದೆ.

ಬಂದವರು ದಡ್ಡರಲ್ಲ, ಕಲಿಸಿದವರಿಗೆ ವಿಷಯ ಗೊತ್ತಿಲ್ಲ ಅಂತಲೂ ಅಲ್ಲ. ತಯಾರಿಯ ಕ್ರಮ ಹಿಂದುಮುಂದಾಗಿರುತ್ತದೆ, ಅಷ್ಟೆ. ಮೊದಲು ಸಮುದಾಯ ಭವನ ಗೊತ್ತು ಮಾಡುತ್ತಾರೆ, ಆಮೇಲೆ ಅತಿಥಿಗಳನ್ನು ಕರೆಯುತ್ತಾರೆ, ಹಿಂದಿನ ದಿನ ರಾತ್ರಿ ಕೂತು ಪಿಪಿಟಿ ಮಾಡುತ್ತಾರೆ. ಬಂದವರು ಏನು ಮಾಡಬೇಕು ಅನ್ನುವುದು ಕೊನೆಗೂ ತೀರ್ಮಾನ ಆಗುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಉದಾಹರಣೆಗೆ ಸ್ವಸಹಾಯ ಸಂಘದ ಲೆಕ್ಕ ಬರೆಯುವ ಒಂದು ದಿನದ ಕಾರ್ಯಾಗಾರವನ್ನು ತೆಗೆದುಕೊಂಡಿದ್ದೇನೆ. ವಿಷಯ ಬೇರೆ ಆದರೂ ಕ್ರಮ ಇದೇ.

ಹಂತ 1: ಸಂಜೆ ಅವರ ಕೈ ಏನು ಮಾಡಬೇಕು ಅಂತ ಮೊದಲು ಬರೆಯಿರಿ

ಒಂದೇ ವಾಕ್ಯ ಬರೆಯಿರಿ. "ಲೆಕ್ಕಪತ್ರದ ಬಗ್ಗೆ ಅರಿವು ಮೂಡಿಸುವುದು" ಅಂತ ಬರೆದರೆ ಅದು ಕೆಲಸಕ್ಕೆ ಬರುವುದಿಲ್ಲ. ಅರಿವು ಮೂಡಿತೋ ಇಲ್ಲವೋ ಅಂತ ನೀವು ಕಣ್ಣಲ್ಲಿ ನೋಡೋಕೆ ಆಗಲ್ಲ. "ಸಂಜೆ ಹೊತ್ತಿಗೆ ಪ್ರತಿಯೊಬ್ಬರೂ ಒಂದು ವಾರದ ಸಭೆಯ ಜಮಾ ಖರ್ಚನ್ನು ನಗದು ಪುಸ್ತಕದಲ್ಲಿ ಬರೆದು ಅಂತಿಮ ಶಿಲ್ಕು ತಾಳೆ ಮಾಡಬೇಕು." ಇದು ಸರಿಯಾದ ವಾಕ್ಯ. ಶಿಲ್ಕು ಅಂದರೆ ಖರ್ಚು ಕಳೆದು ಉಳಿದ ದುಡ್ಡು, ತಾಳೆ ಅಂದರೆ ಪುಸ್ತಕದ ಶಿಲ್ಕೂ ಸಂಘದ ಡಬ್ಬಿಯಲ್ಲಿರುವ ದುಡ್ಡೂ ಒಂದೇ ಬರುವುದು. ಮಾಡಿದರೋ ಇಲ್ಲವೋ ಅಂತ ಹಾಳೆ ನೋಡಿದರೆ ಗೊತ್ತಾಗುತ್ತದೆ.

ಸಂಘಗಳ ಪಂಚಸೂತ್ರ ನಿಮಗೆ ಗೊತ್ತೇ ಇದೆ. ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಪುಸ್ತಕ. ಐದನ್ನೂ ಒಂದೇ ದಿನ ಹೇಳುತ್ತೇನೆ ಅಂತ ಹೊರಟವರ ಕಾರ್ಯಾಗಾರ ಭಾಷಣವಾಗಿಯೇ ಮುಗಿಯುತ್ತದೆ. ಒಂದು ದಿನಕ್ಕೆ ಒಂದೇ ಕೆಲಸ ಸಾಕು. ಮೇಲಿನ ಕಚೇರಿಯವರು ಐದು ವಿಷಯದ ಪಟ್ಟಿ ಕಳಿಸಿದ್ದರೆ, ಯಾವುದು ಮಾಡಿಸುವುದು, ಯಾವುದನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಕೈಗೆ ಕೊಡುವುದು ಅಂತ ಇಲ್ಲೇ ಬೇರೆ ಮಾಡಿಕೊಳ್ಳಿ.

ಎಚ್ಚರಿಕೆಯ ಗುರುತು: ನಿಮ್ಮ ವಾಕ್ಯದಲ್ಲಿ "ತಿಳಿಸುವುದು", "ಮಾಹಿತಿ ನೀಡುವುದು" ಅಂತ ಇದ್ದರೆ ಅದು ನೀವು ಮಾಡುವ ಕೆಲಸ, ಅವರು ಮಾಡುವುದಲ್ಲ. ಅಳಿಸಿ ಮತ್ತೆ ಬರೆಯಿರಿ.

ಹಂತ 2: ಬರುವವರು ಯಾರು ಅಂತ ಹೋಗಿ ನೋಡಿ

ಕಾರ್ಯಾಗಾರಕ್ಕೆ ಒಂದು ವಾರ ಮುಂಚೆ ಎರಡು ಮೂರು ಸಂಘಗಳ ಸಭೆಗೆ ಹೋಗಿ ಸುಮ್ನೆ ಕೂತು ಬನ್ನಿ. ಅವರ ಪುಸ್ತಕ ಕೇಳಿ ನೋಡಿ. ಎಲ್ಲಿ ಎಡವುತ್ತಿದ್ದಾರೆ ಅಂತ ಅಲ್ಲೇ ಕಾಣುತ್ತದೆ.

ಸಾಮಾನ್ಯವಾಗಿ ಕಾಣುವ ತಪ್ಪು ಇದು. ಒಬ್ಬರು ₹5,000 ಸಾಲ ತೆಗೆದುಕೊಂಡಿದ್ದಾರೆ, ಬಡ್ಡಿ ತಿಂಗಳಿಗೆ 100ಕ್ಕೆ 1 ರೂಪಾಯಿ. ಈ ತಿಂಗಳು ₹550 ಕಟ್ಟಿದರು. ಇದರಲ್ಲಿ ₹50 ಬಡ್ಡಿ, ₹500 ಅಸಲು. ಆದರೆ ಪುಸ್ತಕದಲ್ಲಿ "ಸಾಲ ಮರುಪಾವತಿ 550" ಅಂತ ಒಂದೇ ಸಾಲಿನಲ್ಲಿ ಬರೆದಿರುತ್ತಾರೆ. ಹಾಗಾದಾಗ ಅವರ ಬಾಕಿ 4,500 ಇರಬೇಕಾದದ್ದು 4,450 ಆಗುತ್ತದೆ, ಸಂಘದ ಬಡ್ಡಿ ಆದಾಯ ಲೆಕ್ಕದಿಂದಲೇ ಮಾಯವಾಗುತ್ತದೆ. ವರ್ಷದ ಕೊನೆಗೆ ಲಾಭ ಹಂಚುವಾಗ ಜಗಳ ಹುಟ್ಟುವುದು ಇಂಥ ಕಡೆಯೇ. ಡಬ್ಬಿಯಲ್ಲಿರುವ ದುಡ್ಡು ಸರಿಯಾಗಿಯೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನವೂ ಬರುವುದಿಲ್ಲ. ನಿಮ್ಮ ಕಾರ್ಯಾಗಾರ ಈ ಒಂದು ಸಾಲಿನ ಸುತ್ತ ನಿಂತರೂ ಸಾಕು, ಅಷ್ಟು ಮುಖ್ಯ ಇದು.

ಇನ್ನೂ ಕೆಲವು ವಿಷಯ ಆಗಲೇ ತಿಳಿದುಕೊಳ್ಳಿ. ಓದು ಬರಹ ಬಾರದವರು ಎಷ್ಟು ಜನ, ಮೊಣಕಾಲು ನೋವಿನಿಂದ ಕೆಳಗೆ ಕೂರಲಾಗದವರು ಯಾರು, ಎಳೆ ಮಕ್ಕಳ ತಾಯಂದಿರು ಎಷ್ಟು. ಮಗು ಅಳುತ್ತಿರುವ ತಾಯಿಯ ಗಮನ ಶಿಲ್ಕಿನ ಮೇಲೆ ಇರುವುದಿಲ್ಲ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ಮೊದಲೇ ಗೊತ್ತು ಮಾಡಿ.

ಹಂತ 3: ದಿನ, ಹೊತ್ತು, ಜಾಗ

ದಿನಾಂಕವನ್ನು ಕಚೇರಿಯ ಕ್ಯಾಲೆಂಡರ್ ನೋಡಿ ಇಡಬೇಡಿ, ಹೊಲ ನೋಡಿ ಇಡಿ. ಜೂನ್, ಜುಲೈನಲ್ಲಿ ಮೆಕ್ಕೆಜೋಳ ಬಿತ್ತನೆ, ಚಳ್ಳಕೆರೆ ಕಡೆ ಶೇಂಗಾ. ಹರಿಹರ, ಹೊನ್ನಾಳಿಯ ಭದ್ರಾ ಕಾಲುವೆ ಊರುಗಳಲ್ಲಿ ನಾಟಿ ನಡೆಯುವಾಗ ಒಬ್ಬ ಹೆಣ್ಣುಮಗಳೂ ಸಿಗುವುದಿಲ್ಲ. ಚನ್ನಗಿರಿ, ಹೊಳಲ್ಕೆರೆಯಲ್ಲಿ ಅಡಿಕೆ ಕೊಯ್ಲು ಶುರುವಾದ ಮೇಲೆ ಸುಲಿಯುವ ಕೆಲಸಕ್ಕೆ ಹೋಗುವವರನ್ನು ಕರೆದರೆ ಒಂದು ದಿನದ ಕೂಲಿ ಕಳೆದ ಹಾಗೆ. ನಾಯಕನಹಟ್ಟಿ ಜಾತ್ರೆ, ದಾವಣಗೆರೆ ದುಗ್ಗಮ್ಮನ ಜಾತ್ರೆ, ಊರಿನ ಸಂತೆ ಇವನ್ನೂ ಲೆಕ್ಕ ಹಾಕಿ. ಗಂಡಸರಿಗೆ ಕಾರ್ಯಾಗಾರ ಆದರೆ ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಅವತ್ತು ಜನ ಸಿಗುತ್ತಾರೆ.

ಹೊತ್ತನ್ನು ಬಸ್ ನೋಡಿ ಇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಚಿಂತೆ ಇಲ್ಲ, ಆದರೆ ನಮ್ಮ ಕಡೆ ಎಷ್ಟೋ ಹಳ್ಳಿಗೆ ಖಾಸಗಿ ಬಸ್ಸೇ ಗತಿ, ಸರ್ಕಾರಿ ಬಸ್ ಬರುವುದು ದಿನಕ್ಕೆ ಒಂದೋ ಎರಡೋ. ಸಂಜೆ ಬಸ್ 4 ಗಂಟೆಗೆ ಇದ್ದರೆ ನಿಮ್ಮ ಕೆಲಸ ಮೂರೂವರೆಗೆ ಮುಗಿಯಲೇಬೇಕು. ಮೂರು ಗಂಟೆಯಿಂದಲೇ ಚೀಲ ಹುಡುಕಲು ಶುರು ಮಾಡಿದರೆ ಮುಖ್ಯ ಕೆಲಸ ಮುಂಚೆಯೇ ಆಗಿರಬೇಕು ಅಂತ ಅರ್ಥ.

ಜಾಗಕ್ಕೆ ವೇದಿಕೆ ಬೇಡ. ಕುರ್ಚಿ ಸಾಲು ಬೇಡ. ಗೋಡೆ ಇರುವ, ಮಾತು ಗುಂಯ್‌ಗುಟ್ಟದ ಕೋಣೆ ಬೇಕು. ಶಾಲೆಯ ಕೋಣೆ ದೊಡ್ಡ ಸಮುದಾಯ ಭವನಕ್ಕಿಂತ ಎಷ್ಟೋ ವಾಸಿ. ಜಮಖಾನ ಹಾಸಿ ದುಂಡಗೆ ಕೂರಿಸಿ, ಅಂಚಿನಲ್ಲಿ ನಾಲ್ಕೈದು ಕುರ್ಚಿ ಇಡಿ. ಒಬ್ಬರು ನಡೆಸುವುದಾದರೆ 25 ಜನ ಮಿತಿ. 60 ಜನರನ್ನು ಕಳಿಸುತ್ತೇವೆ ಅಂದರೆ ಮೂರು ದಿನ ಕೇಳಿ, ಇಲ್ಲವೇ ಇನ್ನಿಬ್ಬರು ನಡೆಸುವವರನ್ನು ಕೇಳಿ.

ಹಂತ 4: ದಿನವನ್ನು ಹಿಂದಿನಿಂದ ಕಟ್ಟಿ

ಕೊನೆಯ ಕೆಲಸ ಗೊತ್ತಾಗಿದೆ, ಅಲ್ವಾ? ಈಗ ಅದಕ್ಕಿಂತ ಮುಂಚೆ ಏನು ಬರಬೇಕು ಅಂತ ಹಿಂದಕ್ಕೆ ಬನ್ನಿ. ಒಬ್ಬೊಬ್ಬರೇ ಶಿಲ್ಕು ತೆಗೆಯಬೇಕಾದರೆ ಅದಕ್ಕೂ ಮುಂಚೆ ಒಮ್ಮೆ ಗುಂಪಿನಲ್ಲಿ ತೆಗೆದಿರಬೇಕು. ಗುಂಪಿನಲ್ಲಿ ತೆಗೆಯಬೇಕಾದರೆ ಜಮಾ ಯಾವುದು, ಖರ್ಚು ಯಾವುದು ಅಂತ ಬೇರೆ ಮಾಡಲು ಬರಬೇಕು. ಅದು ಬರಬೇಕಾದರೆ ಅಸಲು, ಬಡ್ಡಿ ಬಿಡಿಸಲು ಬರಬೇಕು. ಬೆಳಗ್ಗೆ ಶುರು ಮಾಡುವ ಜಾಗ ಇದು.

ಒಂದು ದಿನದ ಹೊತ್ತು ಹೀಗಿರಲಿ. ಹತ್ತೂವರೆಗೆ ಕರೆಯಿರಿ, 11ಕ್ಕೆ ಕೆಲಸ ಶುರು. 11ರಿಂದ 12 ಅಸಲು, ಬಡ್ಡಿ. 12ರಿಂದ ಒಂದೂವರೆ ಗುಂಪಿನಲ್ಲಿ ಅಣಕು ಸಭೆ, ಅಂದರೆ ಸಂಘದ ಸಭೆ ನಡೆದ ಹಾಗೆ ಆಡಿ ನೋಡುವುದು. ಊಟ. ಎರಡೂ ಕಾಲರಿಂದ ಮೂರೂ ಕಾಲು ಒಬ್ಬೊಬ್ಬರೇ ಬರೆಯುವುದು, ತಿದ್ದುವುದು. ಕೊನೆಯ 15 ನಿಮಿಷ ಮುಂದಿನ ಸಭೆಯ ಮಾತು. ನೀವು ನಿಂತು ಮಾತಾಡುವುದು ಒಂದು ಸಲಕ್ಕೆ 10 ನಿಮಿಷ ಮೀರಬಾರದು. ಗಡಿಯಾರ ನೋಡಿ, ನಿಜವಾಗಲೂ ನೋಡಿ.

ಊಟದ ನಂತರ ನೀವು ಮಾತಾಡುವ ಯಾವುದನ್ನೂ ಇಡಬೇಡಿ. ಅನ್ನ ಸಾರು ಉಂಡು ಬಂದವರಿಗೆ ಪಾಠ ಕೇಳಿಸುವುದಿಲ್ಲ, ಕೈಗೆ ಪೆನ್ನು ಕೊಟ್ಟರೆ ಮಾತ್ರ ಎಚ್ಚರ ಇರುತ್ತಾರೆ.

ಹಂತ 5: ಸಾಮಾನು ಮತ್ತು ಒಂದು ಬಾರಿ ಮಾಡಿ ನೋಡುವುದು

ಚಾರ್ಟ್ ಪೇಪರ್, ದಪ್ಪ ಸ್ಕೆಚ್ ಪೆನ್ನು, ಗೋಡೆಯ ಬಣ್ಣ ಕೀಳದ ಟೇಪು, ನಗದು ಪುಸ್ತಕದ ಖಾಲಿ ಪುಟಗಳ ಜೆರಾಕ್ಸ್ ತಲೆಗೆ ಮೂರರಂತೆ, ಪೆನ್ಸಿಲ್, ರಬ್ಬರ್. ಪೆನ್ಸಿಲ್ ಮುಖ್ಯ. ಪೆನ್ನಿನಲ್ಲಿ ತಪ್ಪಾದೀತು ಅಂತ ಹೆದರಿ ಬರೆಯದೇ ಕೂರುವವರು ಪೆನ್ಸಿಲ್ ಕೊಟ್ಟರೆ ಬರೆಯುತ್ತಾರೆ. ಅಕ್ಷರ ದೊಡ್ಡದಾಗಿ ಮುದ್ರಿಸಿ, 40 ದಾಟಿದ ಅಕ್ಕಂದಿರು ಎಷ್ಟೋ ಜನ ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿರುತ್ತಾರೆ. ಪ್ರತಿ ಗುಂಪಿಗೂ ಒಂದು ಡಬ್ಬಿ, ಅದರಲ್ಲಿ ಕಾಗದದ ಚೀಟಿಯ ನೋಟು. ಒಂದು ಸೇರು ಹುಣಸೆ ಬೀಜ.

ಪ್ರೊಜೆಕ್ಟರ್ ನಂಬಿಕೊಂಡು ಹೋಗಬೇಡಿ. ಕರೆಂಟ್ ಹೋದರೆ ದಿನ ಅಲ್ಲೇ ನಿಲ್ಲುತ್ತದೆ. ತೋರಿಸಲೇಬೇಕಾದದ್ದನ್ನು ಚಾರ್ಟಿನಲ್ಲಿ ಬರೆದಿಟ್ಟುಕೊಳ್ಳಿ.

ಹಿಂದಿನ ದಿನ ಮನೆಯಲ್ಲೇ ಯಾರನ್ನಾದರೂ ಕೂರಿಸಿಕೊಂಡು ಅಣಕು ಸಭೆಯ ಲೆಕ್ಕ ಮಾಡಿಸಿ ನೋಡಿ. ನಿಮಗೆ 10 ನಿಮಿಷ ಹಿಡಿದ ಕೆಲಸಕ್ಕೆ ಅಲ್ಲಿ ಅರ್ಧ ಗಂಟೆ ಬೇಕು ಅಂತ ಇಟ್ಟುಕೊಳ್ಳಿ.

ಹಂತ 6: ವೇದಿಕೆ ಕಾರ್ಯಕ್ರಮಕ್ಕೆ ಬೆಳಗಿನ ಹೊತ್ತು ಕೊಡಬೇಡಿ

ನಮ್ಮ ಕಡೆ ಕಾರ್ಯಾಗಾರಗಳು ಹಾಳಾಗುವುದು ಎಲ್ಲಕ್ಕಿಂತ ಜಾಸ್ತಿ ಇಲ್ಲೇ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಅತಿಥಿಗಳ ಮಾತು, ಅಧ್ಯಕ್ಷರ ಮಾತು, ವಂದನಾರ್ಪಣೆ. ಅತಿಥಿಗಳು 12ಕ್ಕೆ ಬರುತ್ತಾರೆ, ಅಲ್ಲಿಯವರೆಗೆ ಎಲ್ಲರೂ ಕಾಯುತ್ತಾರೆ, ಮುಗಿಯುವ ಹೊತ್ತಿಗೆ ಊಟದ ಹೊತ್ತು. ಜನರ ತಲೆ ಚುರುಕಾಗಿರುವ ಎರಡು ಗಂಟೆ ಹೀಗೆ ಹೋಗಿಬಿಡುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬೆಳಗ್ಗೆಯಿಂದ ಕೂತು ಚಪ್ಪಾಳೆ ತಟ್ಟಿದವರು ಇವತ್ತು ನಮ್ಮ ಕೆಲಸ ಕೇಳುವುದು ಅಂತ ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಆಮೇಲೆ "ಬನ್ನಿ, ಮಾಡೋಣ" ಅಂದರೆ ಯಾರೂ ಏಳುವುದಿಲ್ಲ.

ಅತಿಥಿಗಳನ್ನು ಕರೆಯಬೇಡಿ ಅಂತ ನಾನು ಹೇಳುವುದಿಲ್ಲ. ಪಂಚಾಯಿತಿ ಅಧ್ಯಕ್ಷರನ್ನು, ಪಿಡಿಒ ಅವರನ್ನು ಬಿಟ್ಟರೆ ಊರಲ್ಲಿ ನಡೆಯುವುದಿಲ್ಲ, ಅದೂ ಸರಿಯೇ. ಆದರೆ ಅವರನ್ನು ಹನ್ನೆರಡೂವರೆಗೆ ಕರೆಯಿರಿ, ಗುಂಪುಗಳು ಕೆಲಸ ಮಾಡುತ್ತಿರುವ ಹೊತ್ತಿಗೆ. "ಸರ್, ಒಂದು ಗುಂಪಿನ ಜೊತೆ ಕೂತು ಅವರ ಲೆಕ್ಕ ನೋಡಿ, ಊಟಕ್ಕೆ ಮುಂಚೆ ಎರಡು ಮಾತು ಹೇಳಿ" ಅಂತ ಮೊದಲೇ ಫೋನಿನಲ್ಲಿ ತಿಳಿಸಿ. ಫೋಟೋ ಕೂಡ ಚೆನ್ನಾಗಿ ಬರುತ್ತದೆ. ದೀಪ ಬೆಳಗಲೇಬೇಕು ಅಂದರೆ ಬಂದವರಲ್ಲೇ ಹಿರಿಯ ಅಜ್ಜಿಯ ಕೈಯಲ್ಲಿ ಬೆಳಗಿಸಿ, ಐದು ನಿಮಿಷ ಸಾಕು.

ಹಂತ 7: ಮೊದಲ 15 ನಿಮಿಷ

ಪರಿಚಯ ಅಂತ 25 ಜನರ ಹೆಸರು, ಊರು, ಸಂಘದ ಹೆಸರು ಕೇಳುತ್ತಾ ಕೂತರೆ ಅರ್ಧ ಗಂಟೆ ಹೋಗುತ್ತದೆ, ಒಂದು ಹೆಸರೂ ನೆನಪಿರುವುದಿಲ್ಲ. ಅದರ ಬದಲು ಬೀಜ ತೆಗೆಯಿರಿ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ನಾಲ್ಕು ವೃತ್ತ ಬರೆಯಿರಿ: ಬಡ್ಡಿ ಲೆಕ್ಕ, ಶಿಲ್ಕು, ದಂಡ, ಬ್ಯಾಂಕಿನ ಲೆಕ್ಕ. ಒಂದೊಂದರಲ್ಲೂ ಒಂದು ಚಿತ್ರ ಇಡಿ, ಓದಲು ಬಾರದವರಿಗೂ ತಿಳಿಯಬೇಕು. ಎಲ್ಲರ ಕೈಗೆ ಮೂರು ಹುಣಸೆ ಬೀಜ ಕೊಟ್ಟು, "ನಿಮ್ಮ ಸಂಘದಲ್ಲಿ ಯಾವುದು ಕಷ್ಟ ಆಗ್ತೈತಿ, ಅಲ್ಲಿ ಹಾಕ್ರಿ. ಮೂರೂ ಒಂದೇ ಕಡೆ ಹಾಕಿದರೂ ಸರಿ" ಅನ್ನಿ.

ಎಲ್ಲರೂ ಏಳುತ್ತಾರೆ, ನಡೆಯುತ್ತಾರೆ, ಬಾಯಿ ಬಿಡದವರೂ ಅಭಿಪ್ರಾಯ ಹೇಳಿದಂತಾಗುತ್ತದೆ. ಬೀಜ ಎಲ್ಲಿ ಜಾಸ್ತಿ ಬಿದ್ದಿದೆಯೋ ಅಲ್ಲಿಗೆ ಹೆಚ್ಚು ಹೊತ್ತು ಕೊಡಿ. ನಿಮ್ಮ ಯೋಜನೆ ಸ್ವಲ್ಪ ಬದಲಾದರೂ ಪರವಾಗಿಲ್ಲ. ಎಲ್ಲರ ಮುಂದೆ ಬೀಜ ಹಾಕಿಸಿ, ಆಮೇಲೆ ಅದನ್ನು ಲೆಕ್ಕಕ್ಕೇ ಇಡದೆ ನಿಮ್ಮ ಹಳೇ ಪಟ್ಟಿ ಹಿಡಿದು ಹೊರಟರೆ ಮಾತ್ರ ಅವರ ನಂಬಿಕೆ ಹೋಗುತ್ತದೆ.

ಹಂತ 8: ಗುಂಪಿನ ಕೆಲಸ

ಗುಂಪು ಮಾಡುವಾಗ "ನಿಮಗೆ ಬೇಕಾದವರ ಜೊತೆ ಕೂರಿ" ಅನ್ನಬೇಡಿ. ಒಂದೇ ಕೇರಿಯವರು, ಒಂದೇ ಸಂಘದವರು ಒಟ್ಟಿಗೆ ಕೂರುತ್ತಾರೆ. ಹಾಗೆ ಕೂತಾಗ ಲೆಕ್ಕ ಬರೆಯುವ ಅಕ್ಕ ಬರೆಯುತ್ತಾಳೆ, ಉಳಿದವರು ನೋಡುತ್ತಾರೆ. ಒಂದರಿಂದ ಐದರವರೆಗೆ ಎಣಿಸಿ ಬೇರೆ ಮಾಡಿ, ಐದೈದು ಜನ. ಅಧ್ಯಕ್ಷೆ ಮತ್ತು ಅವರದೇ ಸಂಘದ ಸದಸ್ಯೆ ಒಂದೇ ಗುಂಪಿಗೆ ಬಿದ್ದರೆ ಒಬ್ಬರನ್ನು ಬದಲಿಸಿ, ಯಾಕೆಂದರೆ ಅಧ್ಯಕ್ಷೆಯ ಮುಂದೆ ಸದಸ್ಯೆ ಪ್ರಶ್ನೆ ಕೇಳುವುದಿಲ್ಲ.

ಈಗ ಅಣಕು ಸಭೆ. ಡಬ್ಬಿಯಲ್ಲಿ ಆರಂಭಿಕ ಶಿಲ್ಕು ₹1,240, ಚೀಟಿ ನೋಟಿನಲ್ಲಿ. 15 ಸದಸ್ಯರಲ್ಲಿ 12 ಜನ ಬಂದಿದ್ದಾರೆ, ತಲಾ ₹50 ಉಳಿತಾಯ, ಒಟ್ಟು ₹600. ₹5,000 ಸಾಲ ಇರುವ ಒಬ್ಬರು ಕಂತು ₹550 ಕಟ್ಟಿದರು, ಅದರಲ್ಲಿ 500 ಅಸಲು, 50 ಬಡ್ಡಿ. ತಡವಾಗಿ ಬಂದವರು ₹10 ದಂಡ ಕಟ್ಟಿದರು. ಒಬ್ಬರಿಗೆ ₹2,000 ಸಾಲ ಕೊಟ್ಟರು. ಹೊಸ ಪುಸ್ತಕಕ್ಕೆ ₹80 ಖರ್ಚು. ಗುಂಪಿನಲ್ಲಿ ಒಬ್ಬರು ಅಧ್ಯಕ್ಷೆ, ಒಬ್ಬರು ಬರೆಯುವವರು, ಉಳಿದವರು ದುಡ್ಡು ಕಟ್ಟುವವರು, ತೆಗೆದುಕೊಳ್ಳುವವರು. ಚೀಟಿ ನೋಟು ನಿಜವಾಗಿಯೂ ಕೈ ಬದಲಾಯಿಸಬೇಕು.

ಜಮಾ 1,160. ಆರಂಭಿಕ ಶಿಲ್ಕು ಸೇರಿ 2,400. ಖರ್ಚು 2,080. ಉಳಿಯಬೇಕಾದದ್ದು 320. ಪುಸ್ತಕದಲ್ಲಿ ಎಷ್ಟು ಬಂತು ಅಂತ ಮೊದಲು ಹೇಳಿಸಿ, ಆಮೇಲೆ ಡಬ್ಬಿ ತೆರೆದು ಎಣಿಸಲು ಹೇಳಿ. ಎರಡೂ ಬೇರೆ ಬಂದ ಗುಂಪಿನಲ್ಲಿ ತಕ್ಷಣ ಮಾತು ಶುರುವಾಗುತ್ತದೆ. "ದಂಡ ಬರ್ದಿಲ್ಲ ನೋಡ್ರಿ", "ಸಾಲ ಕೊಟ್ಟಿದ್ದು ಜಮಾ ಕಡೆ ಹಾಕಿದೀಯ". ಆ ಹೊತ್ತಿನಲ್ಲಿ ನೀವು ಹೋಗಿ ಉತ್ತರ ಹೇಳಿದರೆ ಇಡೀ ದಿನದ ಶ್ರಮ ವ್ಯರ್ಥ. ದೂರ ನಿಲ್ಲಿ. ಹತ್ತು ನಿಮಿಷ ಹುಡುಕಿದರೂ ಸಿಗದಿದ್ದರೆ ಮಾತ್ರ ಹತ್ತಿರ ಹೋಗಿ, "ದುಡ್ಡು ಬಂದ ಕ್ರಮದಲ್ಲೇ ಒಂದೊಂದು ಸಾಲು ಓದಿ" ಅನ್ನಿ, ಬೇರೆ ಏನೂ ಬೇಡ.

ಡಬ್ಬಿ ಎಣಿಸಿದರೂ ಸಿಕ್ಕಿಬೀಳದ ತಪ್ಪು ಒಂದಿದೆ: ಆ 550ನ್ನು ಬಿಡಿಸದೆ ಒಂದೇ ಸಾಲಿನಲ್ಲಿ ಬರೆಯುವುದು. ಶಿಲ್ಕು ಸರಿ ಬಂದ ಗುಂಪಿಗೂ "ಸಾಲ ತೆಗೆದುಕೊಂಡವರ ಬಾಕಿ ಈಗ ಎಷ್ಟು?" ಅಂತ ಕೇಳಿ. 4,500 ಅಂದರೆ ಸರಿ. 4,450 ಅಂದರೆ ಅವರದೇ ಸಾಲು ತೋರಿಸಿ ಬಿಡಿಸಲು ಹೇಳಿ.

ಓದಲು ಬಾರದವರಿಗೆ ದುಡ್ಡು ಎಣಿಸಿ ಡಬ್ಬಿ ಕಾಯುವ ಕೆಲಸ ಕೊಡಿ. ಬಾಯಿ ಲೆಕ್ಕದಲ್ಲಿ ಅವರೇ ಎಷ್ಟೋ ಸಲ ಎಲ್ಲರಿಗಿಂತ ಚುರುಕು, ಶಿಲ್ಕು ತಪ್ಪಿದ್ದನ್ನು ಮೊದಲು ಹಿಡಿಯುವುದೂ ಅವರೇ.

ರೈತರ ಕಾರ್ಯಾಗಾರ ಆದರೆ ಇದೇ ಹಂತದಲ್ಲಿ ಹೊಲಕ್ಕೆ ಇಳಿಯಿರಿ. ಮೆಕ್ಕೆಜೋಳದ ಸೈನಿಕ ಹುಳುವನ್ನು ಪರದೆಯ ಮೇಲೆ ತೋರಿಸಿ ಪ್ರಯೋಜನ ಇಲ್ಲ. ಗುಂಪಿಗೆ 20 ಗಿಡ ಕೊಟ್ಟು, ಸುಳಿ ಬಿಡಿಸಿ ಹಿಕ್ಕೆ ಇದೆಯಾ ನೋಡಲು ಹೇಳಿ. ಹುಳು ಸಿಕ್ಕರೆ ಅಂಗೈ ಮೇಲೆ ಇಟ್ಟು ತಲೆಯ ಮೇಲಿನ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕವಾಗಿ ಇರುವ ನಾಲ್ಕು ಚುಕ್ಕಿ ಅವರೇ ಹುಡುಕಲಿ. 20ರಲ್ಲಿ ಎಷ್ಟು ಗಿಡಕ್ಕೆ ಬಿದ್ದಿದೆ ಅಂತ ಎಣಿಸಿದ ಮೇಲೆ ಔಷಧಿ ಹೊಡೆಯಬೇಕೋ ಬೇಡವೋ ಅನ್ನುವ ಚರ್ಚೆ ತಾನಾಗಿ ಬರುತ್ತದೆ. ಅದಕ್ಕೆ ಉತ್ತರ ಹೇಳಲು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಿಂದಲೋ, ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರದಿಂದಲೋ ಒಬ್ಬರನ್ನು ಮೊದಲೇ ಕೇಳಿಕೊಂಡಿರಿ.

ಹಂತ 9: ಪ್ರಶ್ನೆ ಕೇಳುವುದು, ಮಾತು ಹಂಚುವುದು

"ಅರ್ಥ ಆಯ್ತಾ?" ಅಂತ ಕೇಳಬೇಡಿ. "ಹ್ಞೂಂ ಮೇಡಂ" ಅಂತಲೇ ಉತ್ತರ ಬರುತ್ತದೆ. ದೊಡ್ಡವರಿಗೆ ಎಲ್ಲರ ಮುಂದೆ ಗೊತ್ತಾಗಲಿಲ್ಲ ಅನ್ನುವುದು ಮಾನದ ಪ್ರಶ್ನೆ. "ನಿಮ್ಮ ಸಂಘದಲ್ಲಿ ಇದನ್ನು ಹೇಗೆ ಬರೀತೀರಿ?" ಅಂತ ಕೇಳಿ. ಕೇಳಿದ ಮೇಲೆ ಸುಮ್ಮನಿರಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಆ ಮೌನ ನಿಮಗೆ ಕಷ್ಟ, ಅವರಿಗೆ ಅಲ್ಲ. ಅವರು ಯೋಚಿಸುತ್ತಿರುತ್ತಾರೆ.

ಎಲ್ಲ ಕಡೆಯೂ ಒಬ್ಬರು ಎಲ್ಲಕ್ಕೂ ಉತ್ತರ ಹೇಳುವವರು ಇರುತ್ತಾರೆ. ಅವರನ್ನು ಸುಮ್ಮನಿರಿಸಲು ಹೋಗಬೇಡಿ, ಅವಮಾನ ಆದರೆ ಅವರ ಜೊತೆ ಇನ್ನೂ ಮೂವರು ಮುನಿಸಿಕೊಳ್ಳುತ್ತಾರೆ. "ಅಕ್ಕಾ, ನಿಮಗೆ ಇದು ಗೊತ್ತೈತಿ, ಆ ಗುಂಪಿನಲ್ಲಿ ಕಷ್ಟ ಪಡ್ತಿದಾರೆ, ಬಾಯಲ್ಲಿ ಹೇಳಿ, ಆದರೆ ಪೆನ್ಸಿಲ್ ಅವರ ಕೈಯಲ್ಲೇ ಇರಲಿ" ಅಂತ ಕೆಲಸ ಕೊಡಿ. ಮಾತೇ ಆಡದವರನ್ನು ಎಲ್ಲರ ಮುಂದೆ ಹೆಸರು ಹಿಡಿದು ಕರೆಯಬೇಡಿ. ಗುಂಪಿನ ಹತ್ತಿರ ಹೋದಾಗ ಪಕ್ಕ ಕೂತು ಅವರ ಹಾಳೆ ನೋಡಿ.

ದಿನ ಕೈ ತಪ್ಪುತ್ತಿದೆ ಅನ್ನುವ ಗುರುತುಗಳು ಇವು: ಗುಂಪಿನಲ್ಲಿ ಒಂದೇ ಕೈ ಬರೆಯುತ್ತಿದೆ. ಚಾರ್ಟಿನಲ್ಲಿ ಇರುವುದನ್ನು ಎಲ್ಲರೂ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಾರೆ. ಪ್ರಶ್ನೆಗಳೆಲ್ಲ ನಿಮಗೇ ಬರುತ್ತಿವೆ, ಅವರವರಲ್ಲಿ ಮಾತಿಲ್ಲ. ಅಥವಾ ಕೋಣೆ ತುಂಬಾ ಶಾಂತವಾಗಿದೆ. ಇದರಲ್ಲಿ ಯಾವುದು ಕಂಡರೂ ಮಾತು ನಿಲ್ಲಿಸಿ, ಪೆನ್ಸಿಲ್ಲನ್ನು ಗುಂಪಿನಲ್ಲಿ ಈವರೆಗೆ ಬರೆಯದವರ ಕೈಗೆ ಕೊಡಿಸಿ.

ಹಂತ 10: ಒಬ್ಬೊಬ್ಬರೇ ಬರೆಯುವುದು

ಊಟದ ಮೇಲೆ ಹೊಸ ಸಭೆಯ ಲೆಕ್ಕ, ಹೊಸ ಖಾಲಿ ಪುಟ. ಈ ಸಲ ಒಂದು ತೊಡಕು ಸೇರಿಸಿ: ಒಬ್ಬ ಸದಸ್ಯೆ ಕಂತನ್ನು ಫೋನ್‌ಪೇಯಲ್ಲಿ ನೇರ ಸಂಘದ ಬ್ಯಾಂಕ್ ಖಾತೆಗೆ ಹಾಕಿದ್ದಾಳೆ. ಅದನ್ನು ನಗದು ಅಂತ ಬರೆದರೆ ಡಬ್ಬಿಯಲ್ಲಿ ಅಷ್ಟು ಕಡಿಮೆ ಬೀಳುತ್ತದೆ, ಬ್ಯಾಂಕಿನ ಕಾಲಂನಲ್ಲಿ ಬರೆಯಬೇಕು. ಬರೆಯುವವಳ ಸ್ವಂತ ಖಾತೆಗೆ ಹಾಕಿಸಿಕೊಳ್ಳುವ ಅಭ್ಯಾಸ ಇದ್ದರೆ ಅದೂ ಇಲ್ಲೇ ಹೊರಗೆ ಬರುತ್ತದೆ. ಆಗ ಯಾರನ್ನೂ ಬೈಯದೆ, ಯಾಕೆ ಬೇಡ ಅಂತ ಅವರ ಬಾಯಲ್ಲೇ ಹೇಳಿಸಿ.

ಓದಲು ಬಾರದವರು ಬಾಯಲ್ಲಿ ಹೇಳಲಿ, ಪಕ್ಕದವರು ಬರೆಯಲಿ. ಹಾಳೆಗಳನ್ನು ಒಬ್ಬರದ್ದು ಇನ್ನೊಬ್ಬರು ತಿದ್ದಲಿ. ನೀವು ಎಣಿಸಬೇಕಾದದ್ದು ಎಷ್ಟು ಜನರ ಶಿಲ್ಕು ತಾಳೆ ಆಯಿತು ಅನ್ನುವುದನ್ನು ಮಾತ್ರ. "ತುಂಬಾ ಚೆನ್ನಾಗಿತ್ತು" ಅಂತ ಬರೆಸಿಕೊಳ್ಳುವ ಅನಿಸಿಕೆ ಹಾಳೆ ಈ ಸಂಖ್ಯೆಯನ್ನು ಹೇಳುವುದಿಲ್ಲ. ಅರ್ಧಕ್ಕಿಂತ ಕಡಿಮೆ ಜನಕ್ಕೆ ಬಂದಿದ್ದರೆ ಮುಂದಿನ ಸಲ ಅಣಕು ಸಭೆಯ ಲೆಕ್ಕ ಇನ್ನೂ ಚಿಕ್ಕದು ಮಾಡಿ.

ಹಂತ 11: ಹದಿನೈದು ದಿನದೊಳಗೆ

ಹೊರಡುವ ಮುಂಚೆ ಪ್ರತಿಯೊಬ್ಬರೂ ಮುಂದಿನ ಸಭೆಯ ದಿನ ಮತ್ತು ಯಾವ ಸಾಲು ತಿದ್ದುತ್ತಾರೆ ಅನ್ನುವುದನ್ನು ಪಕ್ಕದವರಿಗೆ ಹೇಳಲಿ. ಸಭೆ ಆದ ಮೇಲೆ ಆ ಪುಟದ ಫೋಟೋ ವಾಟ್ಸಾಪ್‌ನಲ್ಲಿ ನಿಮಗೆ ಮಾತ್ರ ಕಳಿಸಲಿ, ಗುಂಪಿಗೆ ಹಾಕುವುದು ಬೇಡ. ಯಾರ ಸಾಲ ಎಷ್ಟು ಅನ್ನುವುದು ಊರಿಗೆಲ್ಲ ಗೊತ್ತಾಗಬಾರದು.

ಫೋಟೋ ಬಾರದ ಸಂಘಗಳ ಸಭೆಗೆ ನೀವೇ ಹೋಗಿ. ಪೆನ್ನು ಮುಟ್ಟದೆ ಪಕ್ಕದಲ್ಲಿ ಕೂರಿ. ಬಡ್ಡಿಯ ಕಾಲಂ ಇನ್ನೂ ಖಾಲಿ ಇದ್ದರೆ ಅವರ ದುಡ್ಡಿನ ಡಬ್ಬಿಯನ್ನೇ ಮುಂದೆ ಇಟ್ಟುಕೊಂಡು, ಅವತ್ತು ಕಟ್ಟಿದ ಒಂದೇ ಕಂತನ್ನು ಅವರ ಕೈಯಿಂದಲೇ ಬಿಡಿಸಿ ಬರೆಸಿ. ಅರ್ಧ ಗಂಟೆಯ ಕೆಲಸ ಅದು.